ತಪ್ಪಾಯಿತು ಎನ್ನುವ ದೃಶ್ಯ

ಹಳೆಯ ಕಾವ್ಯಕ್ಕೆ ಹೊಸ ವೇಷ ಹಾಕಿದ್ದಾರೆ ಎಂದು ಕೇಳಿದರೆ ಸಾಕು, ನನಗೆ ಅನುಮಾನ ಶುರುವಾಗುತ್ತದೆ. ಏನನ್ನು ಕತ್ತರಿಸಿದರು, ಯಾರ ಮಾನ ಉಳಿಸಿದರು ಎಂದು ಹುಡುಕುತ್ತ ಕೂರುತ್ತೇನೆ. ಹೆಂಡತಿ ಕೊಟ್ಟ ಚಹಾದಲ್ಲೂ ಸಕ್ಕರೆ ಕಡಿಮೆ ಮಾಡಿದ್ದಾಳೋ ಎಂದು ಮೊದಲು ಚಪ್ಪರಿಸಿ ನೋಡುವ ಆಸಾಮಿ ನಾನು. ಕನ್ನಡ ಮಾಸ್ತರನಾಗಿ ನಿವೃತ್ತನಾದ ಮೇಲೆ ತಿದ್ದಲು ಉತ್ತರಪತ್ರಿಕೆಗಳಿಲ್ಲ, ಆದ್ದರಿಂದ ಮನುಷ್ಯರನ್ನೇ ತಿದ್ದುತ್ತೇನೆ. ನಾನು ನೋಡಿದ ಹೊಸ ರೂಪಾಂತರಗಳಲ್ಲೆಲ್ಲ ತಪ್ಪು ಮಾಡುವ ದೃಶ್ಯ ಭರ್ಜರಿಯಾಗಿರುತ್ತದೆ, ತಪ್ಪಾಯಿತು ಎನ್ನುವ ದೃಶ್ಯ ಮಾತ್ರ ಮಾಯ. ಮೂಲದಲ್ಲಿ ನಾಚಿ ತಲೆತಗ್ಗಿಸಿದವನು ಇಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಣಿಯುತ್ತಾನೆ. ನಮಗೂ ಅವನೇ ಇಷ್ಟ. ಈಗ ಯಾರ ಮನೆಯಲ್ಲಿ ಯಾರು ತಪ್ಪು ಒಪ್ಪುತ್ತಾರೆ?

ಹೋದ ಬೇಸಿಗೆಯಲ್ಲಿ ಮುನವಳ್ಳಿಯ ಹವ್ಯಾಸಿ ನಾಟಕದವರು ಅಂಥದೊಂದು ಹಳೆಯ ಕಥೆಯನ್ನು ಇಂದಿನ ಕಾಲಕ್ಕೆ ತಂದರು. ಮೂಲದಲ್ಲಿ, ಚಾಡಿ ಕೇಳಿ ಜೀವದ ಗೆಳೆಯನನ್ನು ಊರು ಬಿಡಿಸಿದ ರಾಜ, ಕೊನೆಗೆ ಸಿಂಹಾಸನದಿಂದಿಳಿದು ಜನರೆದುರು ಅವನ ಕ್ಷಮೆ ಕೇಳುತ್ತಾನೆ. ರಾಜನ ಪಾತ್ರ ನನ್ನ ಗೆಳೆಯ, ಟೆಂಪೊ ಓಡಿಸುವ ದಸ್ತಗೀರನದು. ಸವದತ್ತಿ ಬಸ್ ನಿಲ್ದಾಣದೆದುರು ದಿನಾ ಸಂಜೆ ನಾವಿಬ್ಬರೂ ಚಹಾ ಕುಡಿದು, ಅವನ ಟೆಂಪೊದಲ್ಲೇ ಮುನವಳ್ಳಿಗೆ ತಾಲೀಮಿಗೆ ಹೋಗುತ್ತಿದ್ದೆವು. ಅವನು ನಟಿಸಲು, ನಾನು ಅನುಮಾನಪಡಲು.

ಅನುಮಾನಕ್ಕೆ ಕಾರಣವೂ ಸಿಕ್ಕಿತು. ರಾಜ ಸಿಂಹಾಸನದಿಂದ ಒಂದು ಕಾಲು ಕೆಳಗಿಟ್ಟ ಕೂಡಲೇ ಆಟ ಕಲಿಸುವ ಪೇಟಿ ಮಾಸ್ತರರು ಹಾರ್ಮೋನಿಯಂ ಮುಚ್ಚಿ ತಾಲೀಮು ಮುಗಿಸಿಬಿಡುತ್ತಿದ್ದರು. ಕ್ಷಮೆಯ ದೃಶ್ಯ ಒಂದು ದಿನವೂ ಆಗಲಿಲ್ಲ. ಚಾಡಿಕೋರನ ಪಾತ್ರದವನು ನನ್ನ ಪಕ್ಕಕ್ಕೆ ಸರಿದು, ಮಂದಿ ಮುಂದೆ ಬಗ್ಗಲು ದಸ್ತಗೀರನಿಗೆ ಮನಸ್ಸಿಲ್ಲವಂತೆ ಎಂದು ಪಿಸುಗುಟ್ಟಿದ. ನಂಬಲು ನನಗೆ ಅಷ್ಟು ಸಾಕಾಯಿತು. ಎಲ್ಲರ ಎದುರೇ ಕೇಳಿಬಿಟ್ಟೆ.

"ಖರೆ ಹೇಳೊ, ಆ ಸೀನ್ ತಗಿಸಿದಾಂವ ನೀನ ಅಲ್ಲೇನು? ಮಂದಿ ಮುಂದ ತಪ್ಪಾತು ಅನ್ನಾಕ ನಿನಗ ನಾಚಿಕಿ."

ದಸ್ತಗೀರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಮರುದಿನದಿಂದ ಚಹಾಕ್ಕೆ ಬರಲಿಲ್ಲ. ನಾನು ಬಸ್ಸಿನಲ್ಲಿ ಓಡಾಡಿದೆ, ಒಬ್ಬನೇ ಚಹಾ ಕುಡಿದೆ.

ಆಟದ ದಿನ ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು, ಆ ದೃಶ್ಯ ಯಾಕೆ ಕಿತ್ತಿರಿ ಎಂದು ಪೇಟಿ ಮಾಸ್ತರರನ್ನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಕಿತ್ತಿಲ್ರಿ. ಕಡೀ ಸೀನ್ ತಾಲೀಮಿನ್ಯಾಗ ಆಡಸಂಗಿಲ್ರಿ ನಾವು. ಮೊದಲ ಆಡಿಬಿಟ್ರ ಆಟ ಅಲ್ಲೇ ಮುಗದಂಗ. ನಮ್ಮ ಹಿರ್‍ಯಾರ ಕಾಲದಿಂದ ಹಿಂಗ ಐತಿ."

ನಾನು ಮೆಲ್ಲಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಆಟದ ನಡುವೆ ಜನ ವೇದಿಕೆ ಹತ್ತಿ ಮೆಚ್ಚಿದ ನಟನಿಗೆ ಟವೆಲು ಹೊದಿಸುವುದು, ಹೊದಿಸಿದವರ ಹೆಸರನ್ನು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ರೂಢಿ. ಅತಿ ಹೆಚ್ಚು ಟವೆಲು ಬಿದ್ದದ್ದು ಚಾಡಿಕೋರನಿಗೆ. ಸಮಾಜ ಕೆಟ್ಟಿತು ಎಂದುಕೊಂಡೆ, ಮರುಕ್ಷಣ ಅವನ ಮೊದಲ ಅಭಿಮಾನಿ ನಾನೇ ಎಂಬುದು ನೆನಪಾಯಿತು. ಕೊನೆಗೆ ದಸ್ತಗೀರ ಸಿಂಹಾಸನದಿಂದಿಳಿದು ಗೆಳೆಯನ ಮುಂದೆ ಕೈಮುಗಿದ. ನನಗೆ ಅಳು ತಡೆಯಲಾಗಲಿಲ್ಲ.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ದಸ್ತಗೀರ ಬಣ್ಣ ತೆಗೆಯುತ್ತಿದ್ದ.

"ತಪ್ಪಾತು ಅನ್ನೂದು ನನಗ ಬಾಯಿಪಾಠ ಐತ್ರಿ, ಮಾಸ್ತರ," ಎಂದ. "ನಿಮ್ಮ ಪಾತ್ರದಾಗ ಆ ಮಾತು ಇಲ್ಲೇನ್ರಿ?"

ಮರುದಿನ ಸಂಜೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರುಹಾಕುತ್ತ ಚಹಾದಂಗಡಿಗೆ ಹೋದೆ. ಅಂದು ದಸ್ತಗೀರನೂ ಬಂದು ಎದುರು ಕುಳಿತ. ನಾನು ಹಾರ್ಮೋನಿಯಂ ಶ್ರುತಿಯ ಬಗ್ಗೆ, ಮೈಕಿನ ಕಿರಿಕಿರಿಯ ಬಗ್ಗೆ, ಮಲಪ್ರಭೆಯ ನೀರಿನ ಬಗ್ಗೆ ಮಾತಾಡಿದೆ. ಅವನು ಕಾಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ಚಹಾ ಮುಗಿಯಿತು, ಎದ್ದು ಬಂದೆ. ಕ್ಷಮೆ ಕೇಳಿದಿರಾ ಎಂದು ಹೆಂಡತಿ ವಿಚಾರಿಸಿದಾಗ, ಭೇಟಿ ಚೆನ್ನಾಗಿ ಆಯಿತು ಎಂದೆ. ಕೊನೆಯ ದೃಶ್ಯ ಕತ್ತರಿಸಿದವರು ಯಾರು ಎಂಬ ಬಗ್ಗೆ ಈ ಸಲ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.