ಮುನಿಕೃಷ್ಣನ ಮಾರಿಷಸ್ ಖಾತೆ

ಬೀಗರೂಟದಲ್ಲಿ ಎರಡನೇ ಸಲ ಮುದ್ದೆ ಬಡಿಸುವ ಹೊತ್ತಿಗೆ ಸರಿಯಾಗಿ ಬಾಮೈದ ವೆಂಕಟೇಶಪ್ಪ ಜೇಬಿನಿಂದ ಒಂದು ಕರಿ ಕಾರ್ಡು ತೆಗೆದು ಎಲೆಯ ಪಕ್ಕದಲ್ಲಿಟ್ಟ. ಮುನಿಕೃಷ್ಣನಿಗೆ ಶನಿ ವಕ್ಕರಿಸಿದ್ದು ಅಲ್ಲಿಂದಲೇ. ಕಾಡುಗೋಡಿಯ ಈ ವೆಂಕಟೇಶಪ್ಪ ನಾಲ್ಕು ದಿನ ಮಾರಿಷಸ್ ಟೂರಿಗೆ ಹೋಗಿ, ಸಮುದ್ರ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಬ್ಯಾಂಕಿನಲ್ಲಿ ಕೂತು, ಅಲ್ಲೊಂದು ಖಾತೆ ತೆರೆದು ಬಂದಿದ್ದ.

“ನೋಡ್ಕೊ ಭಾವ, ಫಾರಿನ್ ಬ್ಯಾಂಕ್ ಕಾರ್ಡು. ನನ್ನ ಹೆಸ್ರಲ್ಲೇ ಐತೆ. ನಿನ್ನ ಹೆಸ್ರಲ್ಲಿ ಏನೈತೆ ಹೇಳು?”

ಪಂಕ್ತಿಯವರೆಲ್ಲ ನಕ್ಕರು. ಮುನಿಕೃಷ್ಣ ಮುರಿದ ಮುದ್ದೆಯನ್ನು ಎಲೆಯಲ್ಲೇ ಬಿಟ್ಟು, ತನ್ನ ಹೆಸರಲ್ಲಿ ಏನೇನಿದೆ ಎಂದು ಲೆಕ್ಕ ಹಾಕಿದ. ಅವನಿಗೀಗ ಐವತ್ಮೂರು. ಹೂಡಿಯಲ್ಲಿ ನಲವತ್ತು ರೂಮುಗಳ ಬಿಲ್ಡಿಂಗಿದೆ, ಅದು ತಾಯಿ ಭದ್ರಮ್ಮನ ಹೆಸರಲ್ಲಿ. ಬಾಡಿಗೆ ಬಂದು ಬೀಳುವುದೂ ಆಕೆಯ ಖಾತೆಗೇ. ಸ್ಕೂಟರು ಹೆಂಡತಿ ಮಾಲಾಳ ಹೆಸರಲ್ಲಿ, ಮೊಬೈಲಿನ ಸಿಮ್ಮು ಮಗಳ ಹೆಸರಲ್ಲಿ. ಹೀಗೇ ಬಿಟ್ಟರೆ ತನ್ನ ಹೆಸರಿಗೆ ಬರುವ ಮೊದಲ ದೊಡ್ಡ ಕಾಗದ ಮರಣ ಪ್ರಮಾಣಪತ್ರವೇ ಇರಬೇಕು ಅನ್ನಿಸಿ ಅವನ ಮೈ ಉರಿದುಹೋಯಿತು.

ಮಾರನೆಯ ದಿನ ಬೆಳಿಗ್ಗೆ ಎದ್ದವನೇ ಹೆಂಡತಿಯ ಮುಂದೆ ಸಾರಿದ: “ಇವತ್ತು ಸಾಯಂಕಾಲದ ಒಳಗೆ ಮಾರಿಷಸ್‌ನಲ್ಲಿ ನನ್ನ ಹೆಸ್ರಲ್ಲಿ ಅಕೌಂಟ್ ಆಗ್ಬೇಕು. ಯಾವನು ತಡೀತಾನೋ ನೋಡೇ ಬಿಡ್ತೀನಿ!”

“ಯಾರೂ ತಡೀತಿಲ್ಲ ಕಣ್ರೀ. ಮೊದ್ಲು ಹಾಲು ತಗೊಂಬನ್ನಿ,” ಎಂದಳು ಮಾಲಾ.

ಮಾರಿಷಸ್‌ಗೆ ಹೋಗದೆಯೇ, ಕೂತಲ್ಲಿಂದಲೇ ಅರ್ಜಿ ಹಾಕಬಹುದಿತ್ತು. ಫೋನಿನಲ್ಲಿ ಹೆಸರು, ಫೋಟೋ, ಆಧಾರ್ ಎಲ್ಲ ತುಂಬಿದ. ನಾಲ್ಕು ಗಂಟೆಗೆ ವಿಡಿಯೋದಲ್ಲಿ ಅಧಿಕಾರಿ ಮಾತಾಡುತ್ತಾರೆ, ಅಷ್ಟರೊಳಗೆ ನಿಮ್ಮ ಹೆಸರಿನಲ್ಲಿರುವ ವಿಳಾಸದ ದಾಖಲೆ ಇನ್ನೊಂದು ಬೇಕು, ಕರೆಂಟ್ ಬಿಲ್ಲು ಆದೀತು ಎಂದು ಮೆಸೇಜು ಬಂತು. ಇಷ್ಟೇ ತಾನೇ ಎಂದು ಮುನಿಕೃಷ್ಣ ಬಿಲ್ಲು ಹಿಡಿದು ಬೀದಿ ಕೊನೆಯ ಈಶಪ್ಪನ ಜೆರಾಕ್ಸ್ ಅಂಗಡಿಗೆ ನಡೆದು, ಮಾರಿಷಸ್ ಅಕೌಂಟಿಗೆ ಎಂದು ಹೇಳಿ ಕೊಟ್ಟ.

ಈಶಪ್ಪನಿಗೆ ಜೆರಾಕ್ಸ್ ಮಾಡುವ ಮೊದಲು ಪ್ರತಿ ಕಾಗದವನ್ನೂ ಜೋರಾಗಿ ಓದುವ ಅಭ್ಯಾಸ. “ಲಕ್ಷ್ಮಯ್ಯ,” ಎಂದು ಓದಿ ಕನ್ನಡಕ ಮೇಲೆತ್ತಿದ. “ಇದು ನಿಮ್ಮ ತಾತಂದಲ್ವಾ? ತಾತನಿಗೆ ಬೇಕಾದ್ರೆ ಅಕೌಂಟ್ ಮಾಡ್ಸಬೋದು.”

ಮುನಿಕೃಷ್ಣ ಬಿಲ್ಲು ಕಿತ್ತುಕೊಂಡು ನೋಡಿದ. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ತೀರಿಹೋದ ತಾತ ಇಂದಿಗೂ ತಿಂಗಳು ತಪ್ಪದೆ ಕರೆಂಟ್ ಉರಿಸುತ್ತಿದ್ದ. ಮೀಟರಿನ ಹೆಸರು ಬದಲಾಯಿಸುವುದು ಯಾರಿಗೂ ನೆನಪಾಗಿರಲಿಲ್ಲ. ಮನೆಗೆ ಓಡಿ ಬೀರು ಮಗುಚಿದ. ಗ್ಯಾಸಿನ ಪುಸ್ತಕ ಮಾಲಾಳದ್ದು, ಕಂದಾಯದ ರಸೀದಿ ಅಮ್ಮನದ್ದು, ನೀರಿನ ಬಿಲ್ಲು ಮತ್ತೆ ತಾತನದ್ದು.

ಅಂಗಡಿಗೆ ವಾಪಸು ಬಂದಾಗ ಸುದ್ದಿ ಆಗಲೇ ಬೀದಿಗೆಲ್ಲ ಹಬ್ಬಿತ್ತು. ಓನರ್ ಅಣ್ಣನಿಗೆ ಅಡ್ರೆಸ್ಸೇ ಇಲ್ಲವಂತೆ ಎಂದು ಟೀ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆಗ ಮುಂದೆ ಬಂದವನು ಮುತ್ತು. ಸುರಪುರದ ಕಡೆಯ ಹುಡುಗ, ನೈಟ್ ಶಿಫ್ಟ್ ಮುಗಿಸಿ ಬಂದವನು, ಮುನಿಕೃಷ್ಣನ ಬಿಲ್ಡಿಂಗಿನ ಹದಿನೇಳನೇ ರೂಮಿನಲ್ಲಿ ಬಾಡಿಗೆಗಿದ್ದ.

“ಇಷ್ಟಕ್ಯಾಕ ತಲಿ ಕೆಡಿಸ್ಕೊಂಡೀರಿ ಅಣ್ಣಾರ? ನನ್ನ ಕಡೆ ಬಾಡಿಗಿ ಅಗ್ರಿಮೆಂಟ್ ಐತ್ರಿ. ಅದನ್ನ ತೋರ್ಸಿ ಗ್ಯಾಸ್ ತಗೊಂಡ್ನಿ, ಬ್ಯಾಂಕಿನ್ಯಾಗ ಪಾಸ್‌ಬುಕ್ಕೂ ಆತು.”

“ಅದು ಸರಿ ಕಣೋ, ನೀನು ಬಾಡಿಗೆಗಿದೀಯ. ನಾನು ಓನರು!”

“ಓನರ್ ನಿಮ್ಮ ಅವ್ವರ ಅಲ್ರೀ? ಅಗ್ರಿಮೆಂಟಿನ್ಯಾಗ ಅವರದ ಹೆಸರೈತಿ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಮುನಿಕೃಷ್ಣ ಎಗರಿ ಬೀಳುತ್ತಿದ್ದ. ಇಂದು ಅವನ ಕಣ್ಣು ಹೊಳೆಯಿತು. “ಟೈಪ್ ಮಾಡು ಈಶಪ್ಪ! ಓನರು ಭದ್ರಮ್ಮ, ಬಾಡಿಗೆದಾರ ನಾನು. ಬಾಡಿಗೆ ಒಂದು ರೂಪಾಯಿ.”

ಸ್ಟಾಂಪ್ ಪೇಪರ್ ಹಿಡಿದು ಮನೆಗೆ ಬಂದರೆ ಭದ್ರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಾಗದವನ್ನು ಓದಿಸಿ ಕೇಳಿ ಮುಖ ಸಿಂಡರಿಸಿದಳು.

“ಒಂದ್ ರೂಪಾಯ್ಗೆ ನಾನ್ ಸೈನ್ ಆಕಾಕಿಲ್ಲ. ನಾಳೆ ನಲ್ವತ್ತು ರೂಮ್ನೋರೂ ಒಂದೊಂದ್ ರೂಪಾಯಿ ಇಡ್ಕಂಡ್ ಬತ್ತಾರೆ. ಎಂಟ್ ಸಾವ್ರ ಆಕ್ಸು. ಅಡ್ವಾನ್ಸು ಐವತ್ತು. ಎಲ್ರುಗೂ ಒಂದೇ ರೇಟು.”

“ಅಮ್ಮಾ, ಇದು ಬರೀ ಕಾಗದಕ್ಕೆ!”

“ಕಾಗ್ದುಕ್ಕೇ ಕಣ್ಲಾ ಸೈನ್ ಆಕಾದು. ಗೋಡೆಗಾಕ್ತಾರಾ?”

ಮತ್ತೆ ಈಶಪ್ಪನ ಅಂಗಡಿ, ಮತ್ತೊಂದು ಸ್ಟಾಂಪ್ ಪೇಪರ್. ಆಗಲೇ ಮೂರೂವರೆ. ಗಡಿಬಿಡಿಯಲ್ಲಿ ಈಶಪ್ಪ ಹೊಸದಾಗಿ ಟೈಪ್ ಮಾಡುವ ಬದಲು ಕಂಪ್ಯೂಟರಿನಲ್ಲಿದ್ದ ಮುತ್ತುವಿನ ಅಗ್ರಿಮೆಂಟನ್ನೇ ತೆಗೆದು ಹೆಸರು ಬದಲಿಸಿದ. ಭದ್ರಮ್ಮ ಸೈನ್ ಹಾಕಿದಳು. ಮುತ್ತು ಸಾಕ್ಷಿ ಹಾಕಿದ. ಫೋಟೋ ತೆಗೆದು ಕಳಿಸುವಷ್ಟರಲ್ಲಿ ನಾಲ್ಕಕ್ಕೆ ಎರಡು ನಿಮಿಷ.

ಮುನಿಕೃಷ್ಣ ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ತೊಟ್ಟು ಹಜಾರದಲ್ಲಿ ಕೂತ. ಮುತ್ತು ಫೋನು ಹಿಡಿದ. ಕರೆಯದೆ ಬಂದ ಈಶಪ್ಪ ಬಾಗಿಲಲ್ಲಿ ನಿಂತ. ತೆರೆಯ ಮೇಲೆ ಕೋಟು ಹಾಕಿದ ಹುಡುಗಿಯೊಬ್ಬಳು ಮೂಡಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಮುನಿಕೃಷ್ಣ ಬೆವರಿದ್ದನ್ನು ನೋಡಿ ಮಾತು ಬದಲಿಸಿದಳು.

“ಕನ್ನಡದಲ್ಲೇ ಮಾತಾಡಿ ಸರ್. ನನ್ನ ಹೆಸರು ಕಾವ್ಯಾ. ಬ್ಯಾಂಕಿನ ಚೆಕಿಂಗ್ ಕೆಲಸ ಎಲ್ಲ ಇಲ್ಲೇ ಹೂಡಿ ಆಫೀಸಿನಲ್ಲಿ ನಡೆಯುತ್ತೆ. ನಿಮ್ಮದು ನಾನ್-ರೆಸಿಡೆಂಟ್ ಅಕೌಂಟ್ ತಾನೇ?”

“ಯಾಕಮ್ಮ ನಾನ್-ರೆಸಿಡೆಂಟು? ನಾನು ಹುಟ್ಟಿದ್ದೇ ಹೂಡೀಲಿ!”

“ಮಾರಿಷಸ್‌ನಲ್ಲಿ ವಾಸ ಇಲ್ಲ ಅಂತ ಅರ್ಥ ಸರ್.” ಅವಳ ಬೆನ್ನ ಹಿಂದೆ ದೊಡ್ಡ ಗಾಜಿನ ಕಿಟಕಿ, ಅದರಾಚೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಮುನೇಶ್ವರನ ಗುಡಿ. ಮುನಿಕೃಷ್ಣ ಕುರ್ಚಿಯಿಂದ ಎದ್ದೇ ಬಿಟ್ಟ.

“ಅಯ್ಯೋ, ನೀನು ಕೂತಿರೋದು ನಮ್ಮ ರಾಗಿ ಹೊಲದಲ್ಲಿ ಕಣಮ್ಮ! ನಮ್ಮ ತಾತ ಉಳ್ತಿದ್ದ ಹೊಲ! ನಮ್ಮ ಹೊಲದಲ್ಲಿ ಕೂತ್ಕೊಂಡು ನನ್ನ ಅಡ್ರೆಸ್ ಕೇಳ್ತೀಯಾ?”

ಕಾವ್ಯಾ ಕಾಗದ ನೋಡಿದಳು, ಅವನನ್ನು ನೋಡಿದಳು. “ಆದ್ರೆ ಅಗ್ರಿಮೆಂಟಲ್ಲಿ ನಿಮ್ಮ ಸ್ವಂತ ಊರು ಸುರಪುರ, ಯಾದಗಿರಿ ಜಿಲ್ಲೆ ಅಂತಿದೆ ಸರ್.”

ಈಶಪ್ಪ ಬಾಗಿಲಿಂದ ಮೆಲ್ಲಗೆ ಕಾಣೆಯಾದ. ಮುತ್ತುವಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. “ನಮ್ಮೂರಾವ್ರ ಆಗ್ಬಿಟ್ರಲ್ರೀ ಅಣ್ಣಾರ!” ಎಂದ. ಆ ಸಂಭ್ರಮದಲ್ಲಿ ಅವನ ಕೈಯಲ್ಲಿದ್ದ ಫೋನು ಒಮ್ಮೆ ಸೂರು ತೋರಿಸಿ ಬಂತು.

ಮುನಿಕೃಷ್ಣನಿಗೆ ಬೇರೆ ದಾರಿ ಇರಲಿಲ್ಲ. ಎದೆ ಉಬ್ಬಿಸಿ, “ಹೌದು. ಸುರಪುರ. ಏನೀಗ?” ಎಂದ. ಮನೆತನ, ತಾತ, ರಾಗಿ ಹೊಲ ಎಲ್ಲವನ್ನೂ ಒಂದೇ ಮಾತಿನಲ್ಲಿ ಕಳೆದುಕೊಂಡರೂ ಪರವಾಗಿಲ್ಲ, ಖಾತೆ ತನ್ನ ಹೆಸರಿಗೆ ಆದರೆ ಸಾಕಾಗಿತ್ತು ಅವನಿಗೆ.

“ಮನೆ ಓನರ್ ಜೊತೆ ಒಂದು ನಿಮಿಷ ಮಾತಾಡಬೋದಾ ಸರ್?”

ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಭದ್ರಮ್ಮ ಸೆರಗು ಸರಿಮಾಡಿಕೊಂಡು ಬಂದು ಕೂತಳು. ಮುನಿಕೃಷ್ಣ ಫೋನಿನ ಹಿಂದೆ ನಿಂತು ಕೈ ಮುಗಿದ.

“ಇವರು ನಿಮ್ಮ ಬಾಡಿಗೆದಾರರಾ ಅಮ್ಮಾ?”

“ಊಂ ಕಣವ್ವ. ನಮ್ ಮನೇಲೇ ಅವ್ನೆ. ಅಡ್ವಾನ್ಸು ಇನ್ನೂ ಕೊಟ್ಟಿಲ್ಲ.”

“ಏನು ಕೆಲಸ ಮಾಡ್ತಾರೆ? ಸಂಪಾದನೆ ಎಷ್ಟಿರಬೋದು?”

ಭದ್ರಮ್ಮ ಸುಳ್ಳು ಹೇಳುವವಳಲ್ಲ. ಸ್ವಲ್ಪ ಯೋಚಿಸಿ, “ಸಂಪಾದ್ನೆ ಅಂತ ಏನಿಲ್ಲ. ಒಟ್ಟೆಗೆ ನಾನೇ ಇಕ್ತೀನಿ,” ಎಂದಳು.

ಕಾವ್ಯಾ ಬಹಳ ಮರ್ಯಾದೆಯಿಂದ ವಿವರಿಸಿದಳು. ಸಂಪಾದನೆಯಿಲ್ಲ, ಅಡ್ವಾನ್ಸ್ ಬಾಕಿ, ಹೇಳಿದ್ದಕ್ಕೂ ಕಾಗದಕ್ಕೂ ತಾಳೆಯಿಲ್ಲ. ಸರ್ ಅವರ ಅರ್ಜಿಯನ್ನು ಬ್ಯಾಂಕು ತೆಗೆದುಕೊಳ್ಳುವುದಿಲ್ಲ.

“ಅಂಗಾರೆ ನಂದು ತಕತದಾ?” ಎಂದಳು ಭದ್ರಮ್ಮ.

ಕಾವ್ಯಾ ಕೇಳಿದ್ದೆಲ್ಲ ಭದ್ರಮ್ಮನ ಟ್ರಂಕಿನಿಂದ ಒಂದೊಂದಾಗಿ ಹೊರಬಂತು: ಆಧಾರ್, ಪ್ಯಾನು, ಕಂದಾಯದ ರಸೀದಿ, ನಲವತ್ತು ರೂಮುಗಳ ಬಾಡಿಗೆ ಬೀಳುವ ಪಾಸ್‌ಬುಕ್ಕು. ಎಲ್ಲದರಲ್ಲೂ ಒಂದೇ ಹೆಸರು, ಒಂದೇ ವಿಳಾಸ. ಹೊಸ ಅರ್ಜಿ ತುಂಬಿ, ಕ್ಯಾಮೆರಾ ಕಡೆ ನೋಡಿ ಕಣ್ಣು ಮಿಟುಕಿಸಮ್ಮಾ ಎಂದರೆ ಮಿಟುಕಿಸಿ, ಐದು ಗಂಟೆಯೊಳಗೆ ಎಪ್ಪತ್ತಾರು ವರ್ಷದ ಭದ್ರಮ್ಮ ಮಾರಿಷಸ್‌ನ ಖಾತೆದಾರಳಾದಳು. ಫೋನು ಇಟ್ಟವಳೇ ಮತ್ತೆ ಅವರೆಕಾಯಿಗೆ ಕೂತಳು.

ಮುನಿಕೃಷ್ಣ ಅಗ್ರಿಮೆಂಟನ್ನು ಮತ್ತೊಮ್ಮೆ ಓದಿದ. ಇಡೀ ದಿನ ಓಡಾಡಿದವನು ತಾನು. ಊರು ಬಿಟ್ಟು, ವಂಶ ಬಿಟ್ಟು, ಸ್ವಂತ ಮನೆಯಲ್ಲಿ ಬಾಡಿಗೆಗೆ ಬಂದವನು ತಾನು. ಸುಮ್ಮನೆ ಸೋಲಲು ಅವನು ತಯಾರಿರಲಿಲ್ಲ. ಅಗ್ರಿಮೆಂಟನ್ನು ಬಾವುಟದಂತೆ ಎತ್ತಿ ಹಿಡಿದು ಜಗಲಿಗೆ ಬಂದ.

“ಓನರಮ್ಮೋರೇ! ಎಂಟು ಸಾವಿರ ಬಾಡಿಗೆ ಬರೆಸಿಕೊಂಡಿದೀರ. ಬಚ್ಚಲ ನಲ್ಲಿ ಎಂಟು ದಿನದಿಂದ ಸೋರ್ತಾ ಐತೆ. ಬಾಡಿಗೆದಾರ ಕೇಳ್ತಾ ಇದೀನಿ. ಇವತ್ತೇ ರಿಪೇರಿ ಮಾಡಿಸ್ಕೊಡಿ!”

ಭದ್ರಮ್ಮ ತಲೆ ಎತ್ತಲಿಲ್ಲ. ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು.

“ಅವೆಲ್ಲ ನನ್ ಕೇಳ್ಬ್ಯಾಡಪ್ಪ. ರೂಮ್ಗಳ್ ರಿಪೇರಿ ನೋಡ್ಕಣಾಕೆ ನಮ್ ಮಗ ಅವ್ನೆ. ಓಗಿ ಅವನ್ನ ಕೇಳು.”

ಮುನಿಕೃಷ್ಣ ಅಗ್ರಿಮೆಂಟನ್ನು ಜೇಬಿಗೆ ತುರುಕಿದ. ಆಮೇಲೆ ಇಸ್ತ್ರಿ ಅಂಗಿಯ ತೋಳು ಮಡಚಿ, ಸ್ಪ್ಯಾನರ್ ಹುಡುಕಲು ಒಳಗೆ ಹೋದ.