ಬರಲಿರುವ ವಾಕರಿಕೆ

ತಲೆನೋವನ್ನು ಬ್ರದರ್ ಬಹಳ ಯೋಚಿಸಿ ಆರಿಸಿಕೊಂಡಿದ್ದ. ಜ್ವರ ಎಂದರೆ ಥರ್ಮಾಮೀಟರ್ ಚಾಡಿ ಹೇಳುತ್ತದೆ. ಭೇದಿ ಎಂದರೆ ಪರೀಕ್ಷೆಗೆ ಡಬ್ಬಿ ಕೊಟ್ಟು ಕಳಿಸುತ್ತಾರೆ. ಸೊಂಟ ಹಿಡಿದಿದೆ ಎಂದರೆ ಗೇಟು ದಾಟುವವರೆಗೂ ಬಗ್ಗಿಕೊಂಡೇ ನಡೆಯಬೇಕು. ತಲೆನೋವಿಗೆ ಮಾತ್ರ ಸಾಕ್ಷಿಯಿಲ್ಲ. ಹಣೆಗೆ ಕೈ ಹಚ್ಚಿ ಕಣ್ಣು ಕಿರಿದು ಮಾಡಿದರೆ ಮುಗಿಯಿತು. ಮೂಳೆ ವಾರ್ಡಿನಲ್ಲಿ ನರ್ಸ್ ಆಗಿ ಅರ್ಧ ಆಯುಷ್ಯ ಸವೆಸಿ, ಎಲ್ಲರ ಬಾಯಲ್ಲೂ ಬ್ರದರ್ ಎನ್ನಿಸಿಕೊಂಡವನಿಗೆ ಇಷ್ಟಾದರೂ ಗೊತ್ತಿರಬೇಡವೇ?

ರಜೆ ಬೇಕಾಗಿದ್ದದ್ದು ಹೆಂಡತಿಗಾಗಿ. ನಾಲ್ಕು ವರ್ಷದಿಂದ ಕಾವ್ಯವಾಚನ ಕಲಿಯುತ್ತಿದ್ದ ಅವಳು ಅಂದು ಸಂಜೆ ನಾಲ್ಕಕ್ಕೆ, ಗ್ರಂಥಾಲಯದ ಸಭಾಂಗಣದಲ್ಲಿ, ಮೊದಲ ಬಾರಿಗೆ ಜನರೆದುರು ಹಾಡುವವಳಿದ್ದಳು. ಮನೆಯಲ್ಲಿ ಅವಳು ರಾಗ ಎತ್ತಿದಾಗಲೆಲ್ಲ, ರಾತ್ರಿಪಾಳಿ ಮುಗಿಸಿ ಬಂದ ಇವನು ಎರಡನೆಯ ಸಾಲಿಗೆ ಗೊರಕೆಯ ಶ್ರುತಿ ಸೇರಿಸುತ್ತಿದ್ದ. ಹಿಂದಿನ ದಿನ ಅವಳು, "ನೀವೇನೂ ಬರಬೇಡಿ ರೀ, ಡ್ಯೂಟಿ ನೋಡ್ಕೊಳ್ಳಿ" ಎಂದಾಗ ಅವನ ಎದೆ ಚುರುಕ್ಕೆಂದಿತು. ಬರಬೇಡಿ ಎಂದು ಹೆಂಡತಿ ಹೇಳಿದರೆ ಬನ್ನಿ ಎಂದೇ ಅಲ್ಲವೇ? ಈ ಸಲ ಮುಂದಿನ ಸಾಲಿನಲ್ಲಿ ಕುಳಿತು, ರೆಪ್ಪೆ ಮುಚ್ಚದೆ, ಮಂಗಳದವರೆಗೂ ಕೇಳಿಯೇ ತೀರುವುದೆಂದು ಸಂಕಲ್ಪ ಮಾಡಿದ. ಇದೊಂದು ತಪ್ಪಿದರೆ ಮನೆಯಲ್ಲಿ ಮುಖ ತೋರಿಸುವಂತಿರಲಿಲ್ಲ.

ಆದರೆ ವಾರ್ಡಿನ ಮುಖ್ಯ ನರ್ಸ್, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದ ಹೆಂಗಸು, ಅಂದು ಎಲ್ಲರ ರಜೆಯನ್ನೂ ರದ್ದು ಮಾಡಿದ್ದಳು. ಅವಳ ಸಂಶೋಧನೆಯೊಂದು ಅಂದೇ ಶುರುವಾಗುವುದಿತ್ತಂತೆ. ಅದೇನೆಂದು ಕೇಳುವ ತಾಳ್ಮೆ ಬ್ರದರ್‌ಗೆ ಇರಲಿಲ್ಲ. ಡ್ರೆಸ್ಸಿಂಗ್ ಕೋಣೆಯಲ್ಲಿ ಕಿರಿಯ ಸಿಸ್ಟರ್ ಒಬ್ಬಳಿಗೆ ಮಾತ್ರ ಗುಟ್ಟು ಹೇಳಿ, ಮಧ್ಯಾಹ್ನದ ಕೆಲಸ ನೋಡಿಕೋ ಎಂದು ಕೇಳಿಕೊಂಡ. ಗಂಡ ಎಂದರೆ ಹೀಗಿರಬೇಕು ಎಂದು ಅವಳು ಗಾಜ್ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಹಣೆ ಹಿಡಿದು ಮುಂದೆ ನಿಂತ ಬ್ರದರ್‌ನನ್ನು ಕಂಡು ದೊಡ್ಡ ಸಿಸ್ಟರ್ ಮುಖ, ಕಳೆದುಹೋದ ಒಡವೆ ಸಿಕ್ಕವರ ಮುಖದಂತೆ ಅರಳಿತು. ಇವನು ಬೆಚ್ಚಿದ. ಮನೆಗೆ ಹೋಗಿ ಎನ್ನುವ ಬದಲು ಅವಳು ಕುರ್ಚಿ ಎಳೆದು ಕೂರಿಸಿದಳು.

"ಜ್ವರ ನೋಡೋಕೆ ಯಂತ್ರ ಇದೆ, ರಕ್ತ ನೋಡೋಕೆ ಯಂತ್ರ ಇದೆ. ನೋವಿಗೆ ಮಾತ್ರ ರೋಗಿಯ ಮಾತೊಂದೇ ಗತಿ. ನಾವು ಇಷ್ಟು ದಿನ ಆ ಮಾತನ್ನ ನಂಬಲಿಲ್ಲ ಬ್ರದರ್. ಇನ್ನು ಮುಂದೆ ನರ್ಸಿಂಗ್ ಅಂದ್ರೆ ಅದೇ. ಸಾಕ್ಷಿ ಇಲ್ಲದ ನೋವೇ ನನಗೆ ಬೇಕಿತ್ತು."

ಮಾತು ಮುಗಿಯುವಷ್ಟರಲ್ಲಿ ಅವನ ಮಣಿಕಟ್ಟಿಗೆ ಬೂದುಬಣ್ಣದ ಪಟ್ಟಿಯೊಂದು ಬಿಗಿದಿತ್ತು. ಅದನ್ನು ಬಿಚ್ಚುವ ಕೀಲಿ ಅವಳ ಕೊರಳಲ್ಲಿತ್ತು.

ಕಿಟಕಿ ಪಕ್ಕದ ಮಂಚದಲ್ಲಿ ಅವನನ್ನು ಮಲಗಿಸಲಾಯಿತು. ಪಕ್ಕದಲ್ಲೇ ಸೊಂಟದ ಮೂಳೆ ಮುರಿದುಕೊಂಡ ನಿವೃತ್ತ ಕಂಡಕ್ಟರ್ ಅಜ್ಜ. ವಾರದಿಂದ ಅಜ್ಜ ನೋವು ನೋವು ಎಂದಾಗಲೆಲ್ಲ, ಏನಿಲ್ಲ ಅಜ್ಜ, ಮಲ್ಕೊಳ್ಳಿ ಎಂದು ಹೇಳಿ ಹೋಗುತ್ತಿದ್ದವನು ಈ ಬ್ರದರೇ. ಈಗ ಅಜ್ಜ ದಿಂಬಿಗೆ ಒರಗಿ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನನ್ನು ನೋಡುವ ಸುಖದಲ್ಲಿ ಅವನನ್ನು ನೋಡುತ್ತಿದ್ದ.

ಪಟ್ಟಿ ಸಣ್ಣಗೆ ಕೆಮ್ಮಿ, ಜೇನಿನಂಥ ದನಿಯಲ್ಲಿ ಕೇಳಿತು: "ಈಗ ಹೇಗಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಬ್ರದರ್ ಲೆಕ್ಕ ಹಾಕಿದ. ಎರಡು ಎಂದರೆ ಮಾತ್ರೆ ಕೊಟ್ಟು ಕೆಲಸಕ್ಕೆ ಹಚ್ಚುತ್ತಾರೆ, ಎಂಟು ಎಂದರೆ ಡಾಕ್ಟರ್ ಬರುತ್ತಾರೆ. ನಾಲ್ಕು ಎಂದ. ಎಂಥ ನೋವೆಂದು ಅದು ಮತ್ತೆ ಕೇಳಿತು. ತಲೆಯೊಳಗೆ ಅಗಸ ಬಟ್ಟೆ ಒಗೆದ ಹಾಗಿದೆ ಎಂದ. ಯಾರೋ ರೋಗಿ ಹೇಳಿದ್ದು ಬಾಯಿಗೆ ಬಂತು. ಪಟ್ಟಿಗೆ ಜೋಡಿಸಿದ್ದ, ತಲೆದಿಸೆಯ ಕಂಪ್ಯೂಟರ್ ಪರದೆಯಲ್ಲಿ ಕೂಡಲೇ ಅಕ್ಷರಗಳು ಮೂಡಿದವು: ಇನ್ನು ಸ್ವಲ್ಪ ಹೊತ್ತಿನಲ್ಲಿ ವಾಕರಿಕೆ ಬರಲಿದೆ.

ಬಂದದ್ದು ವಾಕರಿಕೆಯಲ್ಲ, ಬೇಸಿನ್ ಹಿಡಿದ ಕಿರಿಯ ಸಿಸ್ಟರ್. ಲಕ್ಷಣ ಬಂದ ಮೇಲೆ ಓಡುವುದು ಹಳೆಯ ಕಾಲ, ಬರುವ ಮೊದಲೇ ಕಾದಿರುವುದು ಹೊಸ ಕಾಲ ಎಂದು ದೊಡ್ಡ ಸಿಸ್ಟರ್ ಅಪ್ಪಣೆಯಾಗಿತ್ತಂತೆ. ಪಾಪದ ಹುಡುಗಿ ಅತಿಥಿಯನ್ನು ಕಾಯುವವಳಂತೆ ಅವನ ಬಾಯನ್ನೇ ನೋಡುತ್ತ ನಿಂತಳು. ಬಳಿಕ ಬೆಳಕು ಕಣ್ಣಿಗೆ ಚುಚ್ಚಲಿದೆ ಎಂದಿತು ಪರದೆ. ಆಯಾ ಬಂದು ಕಣ್ಣಿಗೆ ಬಟ್ಟೆ ಕಟ್ಟಿದಳು. ಹಸಿವು ಸಾಯಲಿದೆ ಎಂದಿತು. ಊಟದ ತಟ್ಟೆ ಕಣ್ಣ ಮುಂದೆಯೇ, ಅಂದರೆ ಬಟ್ಟೆಯ ಮುಂದೆಯೇ, ಹಿಂದೆ ಹೋಯಿತು. ಹೊಟ್ಟೆ ಗುರುಗುಟ್ಟಿದ ಸದ್ದನ್ನು ಹೊಸ ಲಕ್ಷಣವೆಂದು ಬರೆದುಕೊಂಡರು.

ಗಡಿಯಾರ ಮೂರು ದಾಟಿತು. ಬ್ರದರ್ ಕಣ್ಣಿನ ಬಟ್ಟೆ ಕಿತ್ತೆಸೆದು, ದೊಡ್ಡ ಸಿಸ್ಟರನ್ನು ಕರೆಸಿ, ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡ.

"ನೋವೇ ಇಲ್ಲ ಸಿಸ್ಟರ್. ಸುಳ್ಳು ಹೇಳಿದೆ."

ಅವಳು ಪರದೆಯತ್ತ ಬೆರಳು ತೋರಿದಳು. ಅಲ್ಲಿ ಆಗಲೇ ಬರೆದಿತ್ತು: ಮನೆಗೆ ಹೋಗುವ ಆಸೆಯಿಂದ ರೋಗಿ ನೋವಿಲ್ಲ ಎನ್ನಲಿದ್ದಾನೆ.

ಅವನಿಗೆ ಸಿಡಿಲು ಬಡಿದಂತಾಯಿತು. ರೋಗಿ ಹೇಳಿದ್ದನ್ನು ನಂಬಬೇಕೆಂದು ನೀವೇ ಹೇಳಿದ್ದಲ್ಲವೇ ಎಂದು ತೊದಲಿದ.

"ನಂಬಿದ್ದೀನಲ್ಲ," ಎಂದಳು ಅವಳು ತಾಯಿಯಂತೆ ಹೊದಿಕೆ ಸರಿಮಾಡುತ್ತ. "ಬೆಳಿಗ್ಗೆ ಹೇಳಿದ್ದನ್ನ."

ಅಜ್ಜ ಗೋಡೆಯ ಕಡೆ ತಿರುಗಿ ನಕ್ಕ. ಮುರಿದ ಸೊಂಟಕ್ಕೆ ನೋವಾಗುವಷ್ಟು ನಕ್ಕ.

ನಾಲ್ಕು ಹೊಡೆಯಿತು. ಸಭಾಂಗಣದ ಮುಂದಿನ ಸಾಲಿನಲ್ಲಿ ಖಾಲಿ ಕುರ್ಚಿಯೊಂದು ಬ್ರದರ್ ಕಣ್ಣಿಗೆ ಕಟ್ಟಿತು. ಅದನ್ನೇ ನೋಡುತ್ತ ಹೆಂಡತಿ ಹಾಡುತ್ತಿರಬಹುದು ಎಂದುಕೊಂಡ. ಅಷ್ಟರಲ್ಲಿ ಬಾಗಿಲಿನಿಂದ ಗಾಲಿಕುರ್ಚಿಯೊಂದು ಒಳಬಂತು. ಅದರಲ್ಲಿ ಕುಳಿತಿದ್ದವಳು, ಸಮಾರಂಭದ ಸೀರೆಯುಟ್ಟು, ಕತ್ತಿಗೆ ಶಾಲು ಸುತ್ತಿಕೊಂಡ ಅವನ ಹೆಂಡತಿ.

ಬ್ರದರ್ ಎದ್ದು ಕುಳಿತ. ಅವಳೂ ಬಿಟ್ಟ ಕಣ್ಣು ಬಿಟ್ಟಂತೆ ಉಳಿದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಧ್ವನಿ ಹೋಯಿತಂತೆ, ಗಂಟಲು ನೋಡಿದರೆ ಕನ್ನಡಿಯಂತಿದೆಯಂತೆ, ಡಾಕ್ಟರಿಗೆ ಏನೂ ಸಿಗದೆ ದೊಡ್ಡ ಸಿಸ್ಟರ್ ಸಂಶೋಧನೆಗೆಂದು ಇಲ್ಲಿಗೆ ಕಳಿಸಿದರಂತೆ ಎಂದು ಕುರ್ಚಿ ತಳ್ಳಿಕೊಂಡು ಬಂದ ಆಯಾ ವರದಿ ಒಪ್ಪಿಸಿದಳು. ಸಾಕ್ಷಿಯಿಲ್ಲದ ಇನ್ನೊಂದು ಲಕ್ಷಣ, ಅದೂ ಅದೇ ಮನೆಯಲ್ಲಿ! ಗಂಡನಿಂದ ಹೆಂಡತಿಗೆ ದಾಟುವ ನೋವು ಇದು, ಇಬ್ಬರನ್ನೂ ವಾರವಿಡೀ ಇಲ್ಲೇ ಇಟ್ಟು ನೋಡಬೇಕು ಎಂದು ದೊಡ್ಡ ಸಿಸ್ಟರ್ ಇನ್ನೊಂದು ಪಟ್ಟಿ ತರಲು ಓಡಿದಳು.

ಅವಳು ಮರೆಯಾದದ್ದೇ ತಡ, ಬ್ರದರ್ ಮಂಚದಿಂದ ಬಾಗಿದ.

"ಏನೇ ಇದು? ವಾಚನ?"

ಹೋಗಿದ್ದ ಧ್ವನಿ ಹಲ್ಲಿನ ಸಂದಿಯಿಂದ ಸ್ಪಷ್ಟವಾಗಿ ಮರಳಿ ಬಂತು.

"ಸಾವಿರ ಜನ ಕೂತ್ರೂ ನಾನು ಹೆದರಲ್ಲ ರೀ. ನೀವು ಮುಂದೆ ಕೂತು ಆಕಳಿಸಿದ್ರೆ ಮಾತ್ರ ನನಗೆ ಪದ ಮರೆತುಹೋಗತ್ತೆ. ಈ ನಿಮ್ಮ ಕಿರಿಯ ಸಿಸ್ಟರ್ ಬೆಳಿಗ್ಗೆ ಫೋನ್ ಮಾಡಿ, ಅಕ್ಕ, ಬ್ರದರ್ ಗುಟ್ಟಾಗಿ ಬರ್ತಿದ್ದಾರೆ ಅಂದ್ಲು. ಇನ್ನೇನು ಮಾಡಲಿ?" ಅವಳು ಶಾಲನ್ನು ಇನ್ನೊಂದು ಸುತ್ತು ಬಿಗಿದಳು. "ಬರಬೇಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ನಂಬಿದ್ರಾ?"

ಕಿರಿಯ ಸಿಸ್ಟರ್ ಬೇಸಿನ್ನಿನ ಹಿಂದೆ ಮುಖ ಮರೆಸಿಕೊಂಡಳು.

ಬ್ರದರ್ ತಲೆಯೊಳಗೆ ಎಲ್ಲೋ ಒಬ್ಬ ಅಗಸ ನಿಜವಾಗಿಯೂ ಮೊದಲ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿದ.

"ಈಗ ಹೇಗಿದೆ?" ಎಂದಿತು ಪಟ್ಟಿ.

"ಒಂಬತ್ತು," ಎಂದು ನರಳಿ, ಅವನು ಬೇಸಿನ್ನಿಗೆ ಕೈ ಚಾಚಿದ.

ಪಕ್ಕದ ಮಂಚದಿಂದ ಕಂಡಕ್ಟರ್ ಅಜ್ಜ ಹೊದಿಕೆ ಎಳೆದುಕೊಳ್ಳುತ್ತ ಹೇಳಿದ: "ಏನಿಲ್ಲ ಬ್ರದರ್, ಮಲ್ಕೊಳ್ಳಿ."