ನಾನು ತಲೆಯಾಡಿಸಿ ಒಡೆದ ಸಂಸಾರ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನ್ನ ಸೋದರಮಾವನ ಸಂಸಾರವನ್ನು ರಾಜಕೀಯ ಒಡೆದುಹಾಕಿತೆಂದು ಕಡಲಾಚೆಯ ಒಂದು ಪತ್ರಿಕೆಯಲ್ಲಿ ಅಚ್ಚಾಯಿತಲ್ಲ, ಅದಕ್ಕೆ ಕಾರಣ ನನ್ನ ಕುತ್ತಿಗೆ. ಎದುರಿಗೆ ಕೂತವರು ತಲೆಯನ್ನು ಹೇಗೆ ಆಡಿಸುತ್ತಾರೋ ಹಾಗೆಯೇ ಆಡಿಸುವ ರೋಗ ಅದಕ್ಕೆ! ದಿನಕ್ಕೆ ಮೂರು ಜನರನ್ನಾದರೂ ಅಣಕಿಸದಿದ್ದರೆ ಆಗ ನನಗೆ ಊಟ ಸೇರುತ್ತಿರಲಿಲ್ಲ. ಹೆಡ್‌ಮಾಸ್ಟರ ಕೆಮ್ಮು, ಬಂಟ್ವಾಳ ಬಸ್ಸಿನ ಕಂಡಕ್ಟರನ ಕೂಗು, ನಮ್ಮ ಹಟ್ಟಿಯ ಎಮ್ಮೆ, ಯಾರನ್ನೂ ಬಿಟ್ಟವನಲ್ಲ. ಮೆಚ್ಚಿ ಮರುದನಿ ಕೊಟ್ಟದ್ದು ಮಾತ್ರ ಎಮ್ಮೆಯೊಂದೇ.

ಇನ್ನು ನನ್ನ ಮಾವ. ಹೊರಗೆ ಮಳೆ ಬರುತ್ತಿದೆಯೇ ಇಲ್ಲವೇ ಎಂದು ತಿಳಿಯುವುದಕ್ಕೂ ಅವರಿಗೆ ಲಂಡನ್ ಬೇಕಿತ್ತು. ಉತ್ಪ್ರೇಕ್ಷೆ ಎನ್ನುತ್ತೀರಾ? ಕೇಳಿ.

ಸಿದ್ಧಕಟ್ಟೆಯ ಸುತ್ತಿನಲ್ಲಿ ಮೊದಲು ರೇಡಿಯೋ ತಂದವರು ಅವರು. ಅಕ್ಕಿಮುಡಿಯಷ್ಟು ಗಾತ್ರ, ಇಟ್ಟಿಗೆಯಷ್ಟು ಭಾರದ ಬ್ಯಾಟರಿ. ಎರಡು ತೆಂಗಿನಮರಗಳ ನಡುವೆ ತಂತಿ ಕಟ್ಟಿತ್ತು. ತಂತಿಯ ಮೇಲೆ ಅಳಿಲು ಓಡಿದರೆ ಲಂಡನ್ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ದಿನಾ ಸಂಜೆ ಮಾವ ಕೈಕಾಲು ತೊಳೆದು, ಹೆಗಲಿಗೆ ಮಡಿಯ ಶಾಲು ಹಾಕಿ, ಇಂಗ್ಲಿಷ್ ವಾರ್ತೆಯ ಎದುರು ಕೂರುತ್ತಿದ್ದರು. ಮಂಗಳೂರಿನಲ್ಲಿ ನಾಲ್ಕು ಕ್ಲಾಸು ಇಂಗ್ಲಿಷ್ ಓದಿದವರು. ಮೂರರಲ್ಲಿ ಒಂದು ಪಾಲು ಅರ್ಥವಾಗುತ್ತಿತ್ತು. ಭಕ್ತಿ ಇದ್ದದ್ದು ಅರ್ಥವಾಗದ ಎರಡು ಪಾಲಿನ ಮೇಲೆ!

ಒಮ್ಮೆ ಲಂಡನಿನವರು ಪಶ್ಚಿಮ ಕರಾವಳಿಗೆ ಬಿರುಗಾಳಿ ಬಡಿದಿದೆ ಎಂದರು. ಮರುದಿನ ಅಂಗಳದಲ್ಲಿ ಹಪ್ಪಳ ಸುಡುವಂಥ ಬಿಸಿಲು. ಮಾವ ಹರಡಿದ್ದ ಅಡಿಕೆಯನ್ನೆಲ್ಲ ಒಳಗೆ ತರಿಸಿ, ಬಾಗಿಲು ಹಾಕಿ, ನಮ್ಮನ್ನೆಲ್ಲ ಚಾವಡಿಯಲ್ಲಿ ಕೂರಿಸಿದರು. “ಹೊರಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ ಅಣ್ಣಾ,” ಎಂದಳು ನನ್ನ ಅಮ್ಮ. “ಅದೇ ಹೆದರಿಕೆ,” ಎಂದರು ಮಾವ. ಸಂಜೆ ಲಂಡನಿನವರು ಗಾಳಿ ತಣ್ಣಗಾಯಿತು ಎಂದಮೇಲೆ ಬಾಗಿಲು ತೆಗೆದು, ಉಸಿರು ಬಿಟ್ಟು, “ಅಬ್ಬ, ಈಗ ಆರಾಮ ಉಂಟು!” ಎಂದರು.

ಇನ್ನೊಮ್ಮೆ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ದೊಡ್ಡ ಧೂಪದ ಮರ ಅಡ್ಡ ಬಿದ್ದು ಬಸ್ಸು ನಿಂತಿತು. ಎಲ್ಲರೂ ಇಳಿದು ನಡೆದರು. ಮಾವ ಸೀಟು ಬಿಟ್ಟೇಳಲಿಲ್ಲ. “ಇಷ್ಟು ದೊಡ್ಡ ಮರ ಬಿದ್ದಿದ್ದರೆ ನಿನ್ನೆ ಲಂಡನಿನವರು ಒಂದು ಮಾತು ಹೇಳುತ್ತಿರಲಿಲ್ಲವಾ ಮಾರಾಯ?” ಎಂದು ಕಂಡಕ್ಟರನನ್ನೇ ಕೇಳಿದರು. ಕಂಡಕ್ಟರ ಅವತ್ತಿನಿಂದ ಅವರಿಗೆ ಟಿಕೇಟು ಕೊಡುವಾಗ ಕೈಮುಗಿಯುತ್ತಿದ್ದ.

ವಾರ್ತೆ ಮುಗಿಯಿತೆಂದರೆ ಮಾವ ಹೊಳೆಯ ಬದಿಗೆ ಹೊರಟರು ಎಂದೇ ಲೆಕ್ಕ. ನಮ್ಮದು ಅಳಿಯಸಂತಾನದ ಮನೆ. ಗಂಡಸು ತಾನು ಹುಟ್ಟಿದ ಮನೆಯ ಯಜಮಾನಿಕೆ ನೋಡಿಕೊಂಡು ಅಕ್ಕತಂಗಿಯರ ಮಕ್ಕಳನ್ನು ಗದರಿಸಿಕೊಂಡು ಇರುತ್ತಾನೆ. ಅವನ ಹೆಂಡತಿ ಮಕ್ಕಳು ಹೆಂಡತಿಯ ತಾಯಿಮನೆಯಲ್ಲಿ. ಮಾವನ ಹೆಂಡತಿ, ಅಂದರೆ ನಮ್ಮ ಮಾಮಿಯ ಮನೆ ಹೊಳೆಯ ಆಚೆ ದಡದಲ್ಲಿ. ಮದುವೆಯಾದಂದಿನಿಂದ ಮಾವ ಸಂಜೆ ದೋಣಿಯಲ್ಲಿ ಆಚೆ ಹೋಗುವುದು, ಬೆಳಗ್ಗೆ ನೀರುದೋಸೆ ತಿಂದು ಈಚೆ ಬರುವುದು. ಇಪ್ಪತ್ತಾರು ವರ್ಷ!

ಮಾಮಿ ಮಾತಿನಲ್ಲಿ ಬಲು ಜಿಪುಣಿ. ಸಂಜೆಯಾದರೆ ಊಟದ ಕೋಣೆಯಲ್ಲಿ ಮಾವನ ಮಣೆ ಹಾಕಿ, ಬದಿಗೊಂದು ತಂಬಿಗೆ ನೀರಿಟ್ಟು, ಒಳಗೆ ಹೋಗಿಬಿಡುತ್ತಿದ್ದರು. “ಬನ್ನಿ” ಇಲ್ಲ, “ಯಾಕೆ ತಡ” ಇಲ್ಲ. ಊರಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು, ಮಾಮಿಯದೊಂದು ಬಿಟ್ಟು. ಅಣಕಿಸಬೇಕಾದರೆ ಒಂದು ಮಾತಾದರೂ ಆಡಬೇಕಲ್ಲ!

ಆ ವರ್ಷ ದೀಪಾವಳಿ ಕಳೆದ ಮೇಲೆ ತಾಲೂಕು ಬೋರ್ಡಿಗೆ ಚುನಾವಣೆ ಬಂತು. ನಮ್ಮ ಕಡೆಯಿಂದ ಇಬ್ಬರು ನಿಂತರು. ಕೊಡೆ ಗುರುತಿಗೆ ಮಾಮಿಯ ತಮ್ಮ. ಏಣಿ ಗುರುತಿಗೆ ಬೆಳುವಾಯಿಯ ಒಬ್ಬ ಹಳೆಯ ಮಾಸ್ಟರು, ಮಾವನ ಬಾಲ್ಯದ ಗೆಳೆಯರು. ನಮ್ಮ ಮನೆಯ ಮಾಡಿಗೆ ಏಣಿಯ ಬಾವುಟ ಏರಿತು, ಆಚೆ ಮನೆಗೆ ಕೊಡೆಯ ಬಾವುಟ.

ಹಾಗಾದರೆ ಮಾವ ಯಾರ ಪಕ್ಷ? ಅಷ್ಟು ಸುಲಭವಾಗಿದ್ದರೆ ನಾನು ಈ ಪ್ರಬಂಧ ಯಾಕೆ ಬರೆಯುತ್ತಿದ್ದೆ? ಹಗಲಿಡೀ ಅವರು ಏಣಿಗೆ ಮತ ಕೇಳುತ್ತಿದ್ದರು. ಸಂಜೆ ಹೊಳೆ ದಾಟಿ ಕೊಡೆಯವರ ಜೊತೆ ಊಟಕ್ಕೆ ಕೂತು, ಏಣಿಯವರನ್ನು ಎಲ್ಲಿ ಹಿಡಿದರೆ ಬೀಳುತ್ತಾರೆಂದು ಹೇಳಿಕೊಡುತ್ತಿದ್ದರು. ಭಾವ-ಮೈದುನ ಸಂಬಂಧ, ಅಷ್ಟೂ ಮಾಡದಿದ್ದರೆ ಹೇಗೆ? ಇತ್ತ ಏಣಿ ಮಾಸ್ಟರಿಗೆ ಕೈನಡುಕ. ಅವರ ಭಾಷಣವನ್ನು ಚಂದದ ಅಕ್ಷರದಲ್ಲಿ ಬರೆದುಕೊಡುತ್ತಿದ್ದವರು ಸಾಕ್ಷಾತ್ ಕೊಡೆಯವರು! ಕೊಡೆಯವರನ್ನು ಬೈಯುವ ಭಾಗ ಸಪ್ಪೆಯಾಯಿತೆಂದು ಕಂಡರೆ ತಾವೇ ಎರಡು ಸಾಲು ಖಾರ ಸೇರಿಸುತ್ತಿದ್ದರಂತೆ. ಗೇಣಿ ಒಕ್ಕಲಿನವರು ಬೆಳಗ್ಗೆ ಏಣಿಯ ಮೆರವಣಿಗೆಯಲ್ಲಿ ಅವಲಕ್ಕಿ, ಮಧ್ಯಾಹ್ನ ಕೊಡೆಯ ಮೆರವಣಿಗೆಯಲ್ಲಿ ಬೆಲ್ಲ ತಿಂದು, ಎರಡೂ ಬಾಯಲ್ಲಿ ಕೂಡಿದ ಮೇಲೆಯೇ ರುಚಿ ಎನ್ನುತ್ತಿದ್ದರು.

ಇಂಥ ಹೊತ್ತಿಗೆ ಬಂದ ನೋಡಿ, ಆ ಬಿಳಿಯ ಪತ್ರಕರ್ತ! ಹೊರಟದ್ದು ತೆಂಕಣ ರಾಜ್ಯದ ದೊಡ್ಡ ರಾಜಕೀಯ ಬರೆಯುವುದಕ್ಕೆ. ಚಾರ್ಮಾಡಿ ಇಳಿದು, ಬೆಳ್ತಂಗಡಿ ದಾಟಿ, ಮೂಡಬಿದ್ರೆಯ ಬಸದಿ ನೋಡಿಕೊಂಡು ಬಂಟ್ವಾಳದ ಕಡೆ ಹೋಗುವಾಗ ನಮ್ಮ ಮನೆಯೆದುರಿಗೇ ಅವನ ಕಾರು ಹೊಗೆ ಬಿಟ್ಟು ಕೂತಿತು. ಮಂಗಳೂರಿನಿಂದ ಸಾಮಾನು ಬರಲು ಎರಡು ದಿನ. ದೊಡ್ಡದು ಕೈಗೆ ಸಿಗದಿದ್ದಾಗ ಸಿಕ್ಕಿದ್ದನ್ನೇ ದೊಡ್ಡದು ಮಾಡುವುದು ಅವರ ಕಸುಬೋ ಏನೋ!

ಮಾವನಿಗೆ ಆದ ಸಂತೋಷ ಏನು ಹೇಳಲಿ? ಇಷ್ಟು ವರ್ಷ ಪೆಟ್ಟಿಗೆಯೊಳಗಿಂದ ಮಾತಾಡಿದ ಲೋಕ ಈಗ ಕಾಲಿನ ಮೇಲೆ ಬಂದಿದೆ! ತಾವೇ ನಿಂತು ಎಳನೀರು ಕೆತ್ತಿಸಿದರು. ಅತಿಥಿಯ ಎದುರು ತಮ್ಮ ಇಂಗ್ಲಿಷ್ ನಾಚಿಕೊಂಡಿತೆಂದು ಹೇಳಿ ನನ್ನನ್ನು ದುಭಾಷಿ ಮಾಡಿದರು.

ಅವನು ಪುಸ್ತಕ ತೆರೆದ. “ಈ ಮನೆಯಲ್ಲಿ ಯಾರಿದ್ದಾರೆ?”

“ಮಾವ, ನನ್ನ ಅಮ್ಮ, ನಾವು ಮಕ್ಕಳು,” ಎಂದೆ.

“ಇವರ ಹೆಂಡತಿ?”

“ಹೊಳೆಯ ಆಚೆ.”

“ಮಗ?”

“ಅವನೂ ಆಚೆ.”

ಅವನು ಈಚೆಯ ಬಾವುಟ ನೋಡಿದ, ಆಚೆಯ ಬಾವುಟ ನೋಡಿದ. ಪೆನ್ಸಿಲ್ ಚುರುಕಾಯಿತು. ನಾನು ಅಳಿಯಸಂತಾನವನ್ನು ವಿವರಿಸಲು ಹೊರಟೆ. ಅಕ್ಕ, ತಂಗಿ, ಅಳಿಯ, ಸೊಸೆ ಎಂದು ಅರ್ಧ ಗಂಟೆ ಒದ್ದಾಡಿದ ಮೇಲೆ ನನ್ನ ಇಂಗ್ಲಿಷಿನಲ್ಲಿ ನಾನೇ ನನ್ನ ಅಜ್ಜಿಯಾಗಿಬಿಟ್ಟಿದ್ದೆ! ಅವನು ಕರುಣೆಯಿಂದ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, “ಅಂದರೆ, ರಾಜಕೀಯ ಈ ಸಂಸಾರವನ್ನು ಒಡೆದಿದೆ?” ಎಂದು ಕೇಳಿದ. ಚಾವಡಿಯ ತುಂಬ ಜನ. ನನ್ನ ಕುತ್ತಿಗೆ ಸುಮ್ಮನಿರುತ್ತದೆಯೇ? ಅವನ ಹಾಗೆಯೇ ಹುಬ್ಬು ಗಂಟಿಕ್ಕಿ, ತುಟಿ ಉಬ್ಬಿಸಿ, ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅವನು ಬರೆದುಕೊಂಡ.

ಎರಡು ದಿನ ಊರು ಸುತ್ತಿ, ಫೋಟೋ ಹೊಡೆದು, ಅವನು ಹೋದ. ಚುನಾವಣೆಯೂ ಆಯಿತು. ಕೊಡೆ, ಏಣಿ ಎರಡೂ ಸೋತವು. ಗೆದ್ದದ್ದು ಲಾಯಿಲದ ಯಾರೋ ಗಡಿಯಾರ ಗುರುತಿನವರು. ಅವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಬಹುಶಃ ಗೆದ್ದದ್ದೇ ಅದಕ್ಕೆ!

ಶಿವರಾತ್ರಿಯ ಹೊತ್ತಿಗೆ ಮಾವನ ಹೆಸರಿಗೆ ಒಂದು ಉದ್ದ ಲಕೋಟೆ ಬಂತು. ಒಳಗೆ ಪತ್ರಿಕೆಯ ಒಂದು ಹಾಳೆ. ‘ಒಂದು ಹೊಳೆ, ಎರಡು ಬಾವುಟ, ಒಡೆದ ಸಂಸಾರ’ ಎಂದು ತಲೆಬರಹ. ಸಾಯಂಕಾಲದ ದಡದಲ್ಲಿ ಕೈ ಚಾಚಿ ನಿಂತ ಮಾವನ ಚಿತ್ರ. ಕೆಳಗೆ, ‘ಸೇರಲಾಗದ ಮಡದಿಗಾಗಿ ಹಂಬಲಿಸುತ್ತಿರುವ ಮುಖಂಡ.’ ಅದು ದೋಣಿಯವನನ್ನು ಬೈಯುತ್ತಿದ್ದದ್ದು ಎಂದು ನಮಗೆಲ್ಲ ಗೊತ್ತಿತ್ತು! ಬಿಸಿಲು ಜೋರಿದ್ದುದರಿಂದ ಏಣಿಯ ಸಭೆಯಲ್ಲಿ ಎಲ್ಲರೂ ಕೊಡೆ ಬಿಚ್ಚಿ ಕೂತಿದ್ದರಲ್ಲ, ಅದರ ಚಿತ್ರದಡಿಯಲ್ಲಿ ‘ಎದುರಾಳಿಯ ಸಭೆಯನ್ನು ವಶಪಡಿಸಿಕೊಂಡ ಕೊಡೆ ಪಕ್ಷ’ ಎಂದಿತ್ತು. ಸೊಪ್ಪು ಕಡಿಯಲು ಹೊರಟವರ ಸೊಂಟದಲ್ಲಿದ್ದ ಕತ್ತಿ ಕಂಡು ‘ಸಶಸ್ತ್ರ ಕಾರ್ಯಕರ್ತರು’ ಎಂದು ಬರೆದಿದ್ದ. ಅವರಲ್ಲಿ ಒಬ್ಬ ನಮ್ಮ ಹಟ್ಟಿ ಗುಡಿಸುವ ಮುದುಕ. ಕತ್ತಿಗಿಂತ ಅವನೇ ಹೆಚ್ಚು ಬಾಗಿದ್ದ.

ಮಾವ ಡಿಕ್ಷನರಿ ಹಿಡಿದು ಮೂರು ದಿನ ಓದಿದರು. ನಾಲ್ಕನೆಯ ದಿನ ಸಂಜೆ ಹೊಳೆಯ ಕಡೆ ಹೋಗದೆ ಚಾವಡಿಯಲ್ಲೇ ಕೂತರು.

“ಯಾಕೆ ಮಾವ, ಹೋಗುವುದಿಲ್ಲವಾ?”

“ಹೇಗೆ ಹೋಗ್ತೇನೆ? ಚುನಾವಣೆ ಸುರುವಾದಲ್ಲಿಂದ ನಾನು ಅವಳ ಮುಖ ನೋಡಲಿಲ್ಲ ಅಂತ ಬರೆದಿದ್ದಾನೆ.”

“ಇವತ್ತು ಬೆಳಗ್ಗೆ ಅವರ ಕೈಯ ನೀರುದೋಸೆ ತಿಂದು ಬಂದಿದ್ದೀರಲ್ಲ!”

“ಅದು ನನಗೆ ಗೊತ್ತುಂಟು, ನಿನಗೆ ಗೊತ್ತುಂಟು. ಲೋಕಕ್ಕೆ ಗೊತ್ತುಂಟಾ? ಈಗ ನಾನು ಹೋದರೆ ಅವನ ಮಾತು ಸುಳ್ಳಾಗ್ತದೆ. ನಮ್ಮ ಮನೆಯ ಎಳನೀರು ಕುಡಿದು ಹೋದವನನ್ನು ನಾವೇ ಸುಳ್ಳುಗಾರ ಮಾಡುವುದಾ ಮಾರಾಯ?”

ಇದಕ್ಕೆ ನೀವಾದರೂ ಏನು ಹೇಳುತ್ತಿದ್ದಿರಿ? ನಾಲ್ಕು ದಿನ ಕಳೆಯಿತು, ಆರು ಕಳೆಯಿತು. ಹೊಳೆ ಮೊಣಕಾಲುದ್ದಕ್ಕೆ ಇಳಿದು ದೋಣಿಯೂ ಬೇಡವಾಗಿತ್ತು. ಮಾವ ಮಾತ್ರ ಕದಲಲಿಲ್ಲ. ಅಮ್ಮ ಬೈದಳು. ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಇಂಗಿಹೋಗುತ್ತದೆ, ಬಿಟ್ಟಿದ್ದೇನೆ. ಕೊಡೆಯವರೂ ಏಣಿಯವರೂ ಒಟ್ಟಿಗೇ ಬಂದು ಕರೆದರು. “ನೀವಿಬ್ಬರು ಒಟ್ಟಿಗೆ ಬರುವುದು ಪತ್ರಿಕೆಯ ಪ್ರಕಾರ ಸಾಧ್ಯವೇ ಇಲ್ಲ,” ಎಂದು ಮಾವ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಕಡೆಗೆ ನಾನೇ ಒಂದು ಉಪಾಯ ಹೂಡಿದೆ. ಎಂಟನೆಯ ಸಂಜೆ, ವಾರ್ತೆಯ ಹೊತ್ತಿಗೆ ಸರಿಯಾಗಿ, ಚಾವಡಿಯ ಹಲಗೆ ಗೋಡೆಯ ಹಿಂದೆ ಕೂತು ಮೂಗು ಹಿಡಿದು ಲಂಡನ್ನಾದೆ. ದಕ್ಷಿಣ ಕನ್ನಡದ ಒಂದು ಸಂಸಾರ ಒಡೆದ ಸುದ್ದಿ ತಪ್ಪೆಂದೂ, ಗಂಡನು ಕೂಡಲೇ ಹೊಳೆ ದಾಟಬಹುದೆಂದೂ ಗಂಭೀರವಾದ ಇಂಗ್ಲಿಷಿನಲ್ಲಿ ಓದಿದೆ. ನಡುವೆ ಅಳಿಲು ಓಡಿದ ಗೊರಗೊರವನ್ನೂ ಸೇರಿಸಿದೆ. ಕಲೆ ಅಂದಮೇಲೆ ಪೂರ್ತಿ ಮಾಡಬೇಡವೇ? ಮಾವ ಕಡೆಯ ಶಬ್ದದವರೆಗೂ ಕೇಳಿದರು. ಆಮೇಲೆ ಹೇಳಿದರು:

“ಬ್ಯಾಟರಿ ತೆಗೆದು ನಿನ್ನೆಯೇ ಮೂಡಬಿದ್ರೆಗೆ ಕಳಿಸಿದ್ದೇನೆ. ಲಂಡನಿನವರಿಗೆ ಅಷ್ಟು ಬಡತನ ಬಂತಾ, ನಮ್ಮ ಗೋಡೆಯ ಹಿಂದೆ ಬಂದು ಕೂರುವಷ್ಟು?”

ನಾನು ಮೂಗು ಬಿಟ್ಟು ಈಚೆ ಬಂದೆ. ಬೈಗುಳ ಕಾದಿದೆಯೆಂದುಕೊಂಡಿದ್ದೆ. ಮಾವ ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಕೂತುಕೋ,” ಎಂದರು. “ನಾನು ಮರುಳ ಅಂತ ತಿಳಿದೆಯಾ? ಇವನು ಬರೆದದ್ದರಲ್ಲಿ ಎಲ್ಲ ಸುಳ್ಳೇ. ಆದರೆ ಈ ಪಟ ನೋಡು. ಕತ್ತಲೆ ಆಗುವಾಗ ದಡದಲ್ಲಿ ನಿಂತವನು ನಾನೇ ಅಲ್ಲವಾ? ಇಪ್ಪತ್ತಾರು ವರ್ಷ ಹಾಗೆ ನಿಂತಿದ್ದೇನೆ. ಈ ಮನೆಯಲ್ಲಿ ನಾನು ನಿಮಗೆ ಮಾವ. ಆ ಮನೆಯಲ್ಲಿ ನೆಂಟ. ಅವಳು ಒಮ್ಮೆಯಾದರೂ ‘ಬನ್ನಿ’ ಅಂದವಳಲ್ಲ. ನಾನೇ ಹೋಗುವುದು, ಅವಳು ಮಣೆ ಹಾಕುವುದು. ಹೋಗದಿದ್ದರೆ ಅವಳಿಗೆ ಎಂತಾದರೂ ಅನಿಸ್ತದಾ ಅಂತ ನನಗೆ ಗೊತ್ತೇ ಇಲ್ಲ ಮಾರಾಯ. ಅದೊಂದು ಸುದ್ದಿ ಯಾವ ರೇಡಿಯೋದಲ್ಲೂ ಬರುವುದಿಲ್ಲ.”

ಮರುದಿನ ಬೆಳಗ್ಗೆ ನಾನು ಹೊಳೆ ದಾಟಿದೆ. ಮಾಮಿ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದರು. ಮಾವ ಆಡಿದ್ದನ್ನು ಅಷ್ಟಕ್ಕಷ್ಟೇ ಹೇಳಿದೆ. ದನಿ ಬದಲಿಸಲಿಲ್ಲ, ತಲೆಯಾಡಿಸಲಿಲ್ಲ, ಒಂದು ಶಬ್ದ ಕೂಡಿಸಲಿಲ್ಲ, ಕಳೆಯಲಿಲ್ಲ. ಹುಟ್ಟಿದ ಮೇಲೆ ನಾನು ಸರಿಯಾಗಿ ವರದಿ ಮಾಡಿದ್ದು ಅದೊಂದೇ. ಮಾಮಿ “ಹಾಂ” ಎಂದು ಬಸಳೆಯ ಕಟ್ಟು ಹಿಡಿದು ಒಳಗೆ ಹೋದರು. ಮುಗಿಯಿತು ಕತೆ ಎಂದುಕೊಂಡು ನಾನು ತಿರುಗಿ ಬಂದೆ.

ಸಂಜೆ ಮಾವ ಬ್ಯಾಟರಿಯಿಲ್ಲದ ರೇಡಿಯೋದ ಎದುರು ಶಾಲು ಹಾಕಿಕೊಂಡು ಕೂತಿದ್ದಾಗ ಅಂಗಳದಲ್ಲಿ ಹೆಜ್ಜೆ ಕೇಳಿಸಿತು. ಹಬ್ಬವೋ ತಿಥಿಯೋ ಇಲ್ಲದೆ ಎಂದೂ ಈಚೆ ದಡಕ್ಕೆ ಕಾಲಿಡದ ಮಾಮಿ! ಸೀರೆ ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಚಪ್ಪಲಿ. ಅಮ್ಮ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತಳು. ಮಾವ ಗಡಬಡಿಸಿ ಎದ್ದು, ಆ ಹಾಳೆಯನ್ನೇ ಅಡ್ಡ ಹಿಡಿದರು.

“ಅಲ್ಲ... ನಾವು ಬೇರೆ ಆಗಿದ್ದೇವೆ ಅಂತ ಲಕ್ಷ ಜನ ಓದಿದ್ದಾರೆ ಮಾರಾಯ್ತಿ,” ಎಂದರು.

ಅದಕ್ಕೆ ಮಾಮಿ ಕೊಟ್ಟ ಉತ್ತರವನ್ನು ನಾನು ಈವರೆಗೆ ಯಾರ ಎದುರೂ ಅಣಕಿಸಿಲ್ಲ, ಬರೆಯುತ್ತೇನೆ ಅಷ್ಟೇ.

“ಓದಿದವರಿಗೆ ನಾನು ಮಣೆ ಹಾಕಲಿಲ್ಲ. ನಿಮಗೆ ಹಾಕಿದ್ದು ಒಂಬತ್ತು ದಿವಸದಿಂದ ತೆಗೆಯದೆ ಅಲ್ಲೇ ಉಂಟು. ಬನ್ನಿ.”